ವಿಂಡೋಸ್‌ನಿಂದ ಲಿನಕ್ಸ್‌ಗೆ: ಹೊಸಬರು ಎಡವುವ ಜಾಗಗಳು, ಎಡವದೆ ದಾಟುವ ದಾರಿ

ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್‌ಗೆ ಬಂದ ಎರಡೇ ವಾರಕ್ಕೆ ವಿಂಡೋಸ್‌ಗೆ ವಾಪಸಾದವರನ್ನು ಬೇಕಾದಷ್ಟು ನೋಡಿದ್ದೇನೆ. ಕೇಳಿದರೆ ‘ಲಿನಕ್ಸ್ ಕಷ್ಟ ಮಾರಾಯ್ರೇ’ ಎನ್ನುತ್ತಾರೆ. ಸ್ವಲ್ಪ ಕೆದಕಿದರೆ ಕತೆ ಬೇರೆಯೇ ಇರುತ್ತದೆ. ಶನಿವಾರ ಸಂಜೆ ಹುಮ್ಮಸ್ಸಿನಲ್ಲಿ ಇಡೀ ಡಿಸ್ಕ್ ಅಳಿಸಿ ಲಿನಕ್ಸ್ ಹಾಕಿಕೊಂಡಿರುತ್ತಾರೆ. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಕೂತರೆ ಬ್ರೌಸರ್ ಹೊಸದು, ಆಫೀಸ್ ತಂತ್ರಾಂಶ ಹೊಸದು, ಫೈಲ್‌ಗಳಿರುವ ಜಾಗ ಹೊಸದು, ಕನ್ನಡ ಟೈಪ್ ಮಾಡುವ ಬಗೆಯೂ ಹೊಸದು. ಇಷ್ಟನ್ನೂ ಒಂದೇ ದಿನ ಕಲಿಯಬೇಕಾಗಿ ಬಂದರೆ ಯಾರಿಗಾದರೂ ತಲೆ ಕೆಡುತ್ತದೆ.

ಹಾಗಾಗಿ ನಾನು ಹೇಳುವ ಕ್ರಮ ತಲೆಕೆಳಗಾದದ್ದು: ಮೊದಲು ತಂತ್ರಾಂಶಗಳನ್ನು ಬದಲಿಸಿ, ವ್ಯವಸ್ಥೆಯನ್ನು ಕೊನೆಗೆ ಬದಲಿಸಿ. ಈ ಲೇಖನದ ಮೊದಲ ಭಾಗ ಪೂರ್ತಿ ವಿಂಡೋಸ್‌ನಲ್ಲೇ ನಡೆಯುತ್ತದೆ. ಬೇಸರಪಡಬೇಡಿ, ಅರ್ಧ ತೊಂದರೆಗಳು ತಪ್ಪುವುದು ಅಲ್ಲೇ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಲು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನದೋ ಅದರಿಂದೀಚಿನದೋ ಆಗಿರಬೇಕು. ಚೆನ್ನಾಗಿಯೇ ಓಡುತ್ತಿರುವ ಎಷ್ಟೋ ಕಂಪ್ಯೂಟರ್‌ಗಳು ಈ ಗೆರೆಯ ಆಚೆ ಉಳಿದವು. ಈಗ ಲಿನಕ್ಸ್ ಕಡೆ ನೋಡುತ್ತಿರುವವರಲ್ಲಿ ಅನೇಕರು ಹೀಗೆ ಬಂದವರೇ, ಅಂದರೆ ಆಸೆಗಿಂತ ಅನಿವಾರ್ಯಕ್ಕೆ ಬಂದವರು. ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಹಂತ 1: ವಿಂಡೋಸ್‌ನಲ್ಲಿದ್ದುಕೊಂಡೇ ಎರಡು ವಾರ ತಾಲೀಮು

ಒಂದು ಹಾಳೆ ತೆಗೆದುಕೊಂಡು ನೀವು ದಿನವೂ ತೆರೆಯುವ ತಂತ್ರಾಂಶಗಳ ಹೆಸರು ಬರೆಯಿರಿ. ಪಟ್ಟಿ ನೀವು ಅಂದುಕೊಂಡದ್ದಕ್ಕಿಂತ ಚಿಕ್ಕದಿರುತ್ತದೆ. ಹೆಚ್ಚಿನವರಿಗೆ ಬ್ರೌಸರ್, ಆಫೀಸ್, ಪಿಡಿಎಫ್, ವಿಡಿಯೋ, ಫೋಟೋ, ಅಷ್ಟೇ. ಫೈರ್‌ಫಾಕ್ಸ್, ಕ್ರೋಮ್, ವಿಎಲ್‌ಸಿ, ಥಂಡರ್‌ಬರ್ಡ್, ಟೆಲಿಗ್ರಾಂ, ಜೂಮ್, ಬ್ಲೆಂಡರ್, ಆಡಾಸಿಟಿ, ಓಬಿಎಸ್ ಇವೆಲ್ಲ ಲಿನಕ್ಸ್‌ನಲ್ಲೂ ಇವೆ, ನೋಡಲೂ ಹಾಗೇ ಇವೆ. ಅವುಗಳ ಮುಂದೆ ಟಿಕ್ ಹಾಕಿ.

ಟಿಕ್ ಬೀಳದೆ ಉಳಿದವುಗಳ ಬದಲಿಯನ್ನು ಈಗಲೇ, ವಿಂಡೋಸ್‌ನಲ್ಲೇ ಹಾಕಿಕೊಂಡು ಬಳಸಲು ಶುರು ಮಾಡಿ. ಮೈಕ್ರೋಸಾಫ್ಟ್ ಆಫೀಸ್ ಬದಲು ಲಿಬ್ರೆಆಫೀಸ್ ಅಥವಾ ಓನ್ಲಿಆಫೀಸ್, ಫೋಟೋಶಾಪ್ ಬದಲು ಗಿಂಪ್ ಅಥವಾ ಕ್ರಿಟಾ, ಇಲಸ್ಟ್ರೇಟರ್ ಬದಲು ಇಂಕ್‌ಸ್ಕೇಪ್. ಎರಡು ವಾರ ನಿಜವಾದ ಕೆಲಸವನ್ನೇ ಇವುಗಳಲ್ಲಿ ಮಾಡಿ. ಒಂದು ಮೆನು ಸಿಗಲಿಲ್ಲವೆಂದು ಕಿರಿಕಿರಿಯಾಗುತ್ತದೆ. ಆದರೆ ಆ ಕಿರಿಕಿರಿಗೂ ಲಿನಕ್ಸ್‌ಗೂ ಸಂಬಂಧವಿಲ್ಲ ಎಂದು ನಿಮಗೆ ಗೊತ್ತಿರುತ್ತದೆ.

ಈ ತಾಲೀಮಿನಲ್ಲಿ ಒಂದು ವೇಳೆ ‘ಇಲ್ಲ, ಇದು ನನ್ನ ಕೆಲಸಕ್ಕೆ ಆಗುವುದಿಲ್ಲ’ ಎಂದು ಖಾತ್ರಿಯಾದರೆ, ಅದನ್ನೂ ಪ್ರಾಮಾಣಿಕವಾಗಿ ಒಪ್ಪಿಕೊಳ್ಳಿ. ಅಡೋಬಿಯ ಫೋಟೋಶಾಪ್, ಇಲಸ್ಟ್ರೇಟರ್, ಜೊತೆಗೆ ಆಟೋಕ್ಯಾಡ್ ಇವಕ್ಕೆ ಲಿನಕ್ಸ್ ಆವೃತ್ತಿ ಇಲ್ಲ. ಎಕ್ಸೆಲ್‌ನಲ್ಲಿ ದೊಡ್ಡ ದೊಡ್ಡ ಮ್ಯಾಕ್ರೋ ಬರೆದಿಟ್ಟುಕೊಂಡವರಿಗೆ ಲಿಬ್ರೆಆಫೀಸ್ ಕ್ಯಾಲ್ಕ್ ಪೂರ್ತಿ ಬದಲಿ ಅಲ್ಲ. ವಿಂಡೋಸ್ ತಂತ್ರಾಂಶವನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಎಂಬುದೊಂದಿದೆ, ಬಾಟಲ್ಸ್ ಎಂಬ ತಂತ್ರಾಂಶ ಅದರ ಬಳಕೆಯನ್ನು ಸುಲಭ ಮಾಡಿಕೊಡುತ್ತದೆ. ಸಣ್ಣಪುಟ್ಟ ಹಳೆಯ ತಂತ್ರಾಂಶಗಳಿಗೆ ಚೆನ್ನಾಗಿದೆ. ಹೊಟ್ಟೆಪಾಡಿನ ತಂತ್ರಾಂಶವನ್ನು ಮಾತ್ರ ವೈನ್ ನಂಬಿ ತರಬೇಡಿ. ಅಂಥವರು ಎರಡೂ ವ್ಯವಸ್ಥೆಗಳನ್ನು ಒಂದೇ ಯಂತ್ರದಲ್ಲಿ ಇಟ್ಟುಕೊಳ್ಳುವುದು ಮೇಲು.

ಗೇಮ್ ಆಡುವವರಿಗೆ ಒಂದೇ ಮಾತು. ಸ್ಟೀಮ್‌ನಲ್ಲಿರುವ ಪ್ರೋಟಾನ್ ಎಂಬ ಸೌಲಭ್ಯದಿಂದಾಗಿ ವಿಂಡೋಸ್ ಗೇಮ್‌ಗಳಲ್ಲಿ ಹೆಚ್ಚಿನವು ಓಡುತ್ತವೆ. ನಿಮ್ಮ ಗೇಮ್ ಹೇಗೆ ಓಡುತ್ತದೆಂದು ಪ್ರೋಟಾನ್‌ಡಿಬಿ ತಾಣದಲ್ಲಿ ಹುಡುಕಿ ನೋಡಿ. ವಾಲರಂಟ್, ಫೋರ್ಟ್‌ನೈಟ್‌ನಂಥವು ಮೋಸ ತಡೆಯುವ ತಂತ್ರಾಂಶದ ಕಾರಣಕ್ಕೆ ಓಡುವುದಿಲ್ಲ.

ಹಂತ 2: ಯಾವ ಲಿನಕ್ಸ್ ಎಂಬ ಗೊಂದಲಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಕೊಡಬೇಡಿ

ಲಿನಕ್ಸ್ ಎಂದರೆ ನಿಜಕ್ಕೆ ಕರ್ನಲ್ ಮಾತ್ರ, ಅಂದರೆ ಯಂತ್ರವನ್ನು ನೇರವಾಗಿ ನಡೆಸುವ ಒಳತಿರುಳು. ಅದರ ಸುತ್ತ ಬೇರೆ ಬೇರೆ ತಂಡಗಳು ಕಟ್ಟಿದ ಪೂರ್ತಿ ವ್ಯವಸ್ಥೆಗೆ ಡಿಸ್ಟ್ರೋ ಎನ್ನುತ್ತಾರೆ. ನೂರಾರು ಇವೆ. ಇದರಲ್ಲಿ ಆಯ್ಕೆ ಮಾಡುವುದೇ ಒಂದು ಹವ್ಯಾಸವಾಗಿ, ತಿಂಗಳಿಗೆ ಮೂರು ಡಿಸ್ಟ್ರೋ ಬದಲಿಸಿ, ಕೊನೆಗೆ ಯಾವುದರಲ್ಲೂ ಒಂದು ಪತ್ರವನ್ನೂ ಬರೆಯದವರಿದ್ದಾರೆ.

ವಿಂಡೋಸ್‌ನಿಂದ ಬರುವವರಿಗೆ ನನ್ನ ಸಲಹೆ ಲಿನಕ್ಸ್ ಮಿಂಟ್, ಅದರಲ್ಲೂ ಸಿನಮನ್ ಆವೃತ್ತಿ. ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ. ಕೈಗೆ ಹೊಸದೆನಿಸುವುದಿಲ್ಲ. ಮಿಂಟ್ 22ರ ಸರಣಿ ಉಬುಂಟು 24.04ರ ಮೇಲೆ ಕಟ್ಟಿದ್ದು, 2029ರವರೆಗೆ ಅದಕ್ಕೆ ಬೆಂಬಲವಿದೆ. 2 ಜಿಬಿ ರ‍್ಯಾಮ್ ಕನಿಷ್ಠ, 4 ಜಿಬಿ ಇದ್ದರೆ ನೆಮ್ಮದಿ. ಜಾಗ 20 ಜಿಬಿ ಸಾಕೆಂದು ಅವರೇ ಹೇಳುತ್ತಾರಾದರೂ 100 ಜಿಬಿ ಕೊಡಿ. ತೀರಾ ಹಳೆಯ ಯಂತ್ರವಾದರೆ ಮಿಂಟ್‌ನದೇ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. ತೀರಾ ಹೊಸ ಲ್ಯಾಪ್‌ಟಾಪ್ ಆದರೆ ಹೊಸ ಕರ್ನಲ್ ಬೇಗ ಸಿಗುವ ಫೆಡೋರಾ ಅಥವಾ ಉಬುಂಟುವಿನ ಇತ್ತೀಚಿನ ಆವೃತ್ತಿ ನೋಡಿ. ಆರ್ಚ್ ಎಂಬ ಡಿಸ್ಟ್ರೋ ಬೇಡ. ಅದು ಕೆಟ್ಟದ್ದೆಂದಲ್ಲ, ನಿಮಗೆ ಈಗ ಬೇಡ. ಮುಂದೆ ಬರೆದದ್ದೆಲ್ಲ ಮಿಂಟ್ ಇಟ್ಟುಕೊಂಡು, ಉಬುಂಟುವಿಗೂ ಬಹುಪಾಲು ಹೊಂದುತ್ತದೆ.

ಹಂತ 3: ಪೆನ್‌ಡ್ರೈವ್‌ನಿಂದ ಓಡಿಸಿ ನೋಡುವುದು

ಮಿಂಟ್‌ನ ಅಧಿಕೃತ ತಾಣದಿಂದ ಐಎಸ್‌ಒ ಫೈಲ್ (ಇಡೀ ವ್ಯವಸ್ಥೆಯನ್ನು ಒಂದೇ ಫೈಲಿನಲ್ಲಿ ತುಂಬಿಟ್ಟದ್ದು) ಇಳಿಸಿಕೊಳ್ಳಿ. ಇಳಿದದ್ದು ಸರಿಯಾಗಿದೆಯೇ ನೋಡಲು ವಿಂಡೋಸ್‌ನ ಪವರ್‌ಶೆಲ್ ಎಂಬ ಆದೇಶದ ಕಿಟಕಿಯಲ್ಲಿ ‘ಗೆಟ್-ಫೈಲ್‌ಹ್ಯಾಶ್’ (Get-FileHash) ಎಂದು ಬರೆದು ಫೈಲಿನ ವಿಳಾಸ ಕೊಡಿ. ಬರುವ 64 ಅಕ್ಷರಗಳು ತಾಣದಲ್ಲಿ ಕೊಟ್ಟ, ಫೈಲಿನ ಬೆರಳಚ್ಚಿನಂಥ ಎಸ್‌ಎಚ್‌ಎ256 ಸಾಲಿಗೆ ತಾಳೆಯಾಗಬೇಕು. ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಆಮೇಲೆ ಇನ್‌ಸ್ಟಾಲ್ ಅರ್ಧಕ್ಕೆ ನಿಂತಾಗ ಡಿಸ್ಕ್, ರ‍್ಯಾಮ್ ಎಲ್ಲವನ್ನೂ ಅನುಮಾನಿಸುತ್ತ ಕೂರುತ್ತಾರೆ.

8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್ ಚುಚ್ಚಿ, ರೂಫಸ್ ತಂತ್ರಾಂಶದಿಂದ ಐಎಸ್‌ಒ ಬರೆಯಿರಿ. ಐಎಸ್‌ಒ ಫೈಲನ್ನು ಸುಮ್ಮನೆ ಕಾಪಿ ಮಾಡಿ ಹಾಕಿದರೆ ಬೂಟ್ ಆಗುವುದಿಲ್ಲ, ಅಂದರೆ ಯಂತ್ರ ಅದರಿಂದ ಏಳುವುದಿಲ್ಲ. ಪೆನ್‌ಡ್ರೈವ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂಬುದೂ ನೆನಪಿರಲಿ.

ಪೆನ್‌ಡ್ರೈವ್‌ನಿಂದ ಬೂಟ್ ಮಾಡಲು ಯಂತ್ರ ಆನ್ ಆಗುವಾಗ ಎಫ್12, ಎಫ್9, ಎಸ್ಕೇಪ್ ಹೀಗೆ ತಯಾರಕರಿಗೊಂದು ಕೀ ಇರುತ್ತದೆ. ಕೀ ಹುಡುಕುವ ರಗಳೆ ಬೇಡವೆಂದರೆ ವಿಂಡೋಸ್‌ನಲ್ಲಿ ಶಿಫ್ಟ್ ಒತ್ತಿಹಿಡಿದು ರಿಸ್ಟಾರ್ಟ್ ಕ್ಲಿಕ್ ಮಾಡಿ. ಬರುವ ನೀಲಿ ಪರದೆಯಲ್ಲಿ ‘ಯೂಸ್ ಎ ಡಿವೈಸ್’ ಆರಿಸಿದರೆ ಪೆನ್‌ಡ್ರೈವ್ ಕಾಣಿಸುತ್ತದೆ.

ಈಗ ತೆರೆದುಕೊಳ್ಳುವುದು ಲೈವ್ ಮಿಂಟ್. ಡಿಸ್ಕಿನಲ್ಲಿ ಇನ್ನೂ ಏನೂ ಬದಲಾಗಿಲ್ಲ. ಪೆನ್‌ಡ್ರೈವ್‌ನಿಂದ ಓಡುವುದರಿಂದ ನಿಧಾನವಾಗಿರುತ್ತದೆ, ಅದನ್ನು ನೋಡಿ ವೇಗದ ತೀರ್ಮಾನಕ್ಕೆ ಬರಬೇಡಿ. ಇಲ್ಲಿ ಅರ್ಧ ದಿನ ಕಳೆಯಿರಿ. ವೈಫೈ ಹಿಡಿಯುತ್ತದೆಯೇ? ಸ್ಪೀಕರ್, ಮೈಕ್, ಕ್ಯಾಮೆರಾ? ಬ್ಲೂಟೂತ್ ಹೆಡ್‌ಫೋನ್? ಬೆಳಕು ಹೆಚ್ಚು ಕಡಿಮೆ ಮಾಡುವ ಕೀ? ಲ್ಯಾಪ್‌ಟಾಪ್ ಮುಚ್ಚಿ ತೆರೆದಾಗ ಎಚ್ಚರಾಗುತ್ತದೆಯೇ? ಬೆರಳಚ್ಚಿನಿಂದ ಲಾಗಿನ್ ಆಗುವ ಸೌಲಭ್ಯ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಕೆಲಸ ಮಾಡುವುದಿಲ್ಲ, ಅದನ್ನು ಈಗಲೇ ತಿಳಿದಿರುವುದು ಒಳ್ಳೆಯದು. ಪ್ರಿಂಟರ್ ಇದ್ದರೆ ಅದನ್ನೂ ಜೋಡಿಸಿ ಒಂದು ಪುಟ ತೆಗೆಯಿರಿ. ಹೊಸ ನೆಟ್‌ವರ್ಕ್ ಪ್ರಿಂಟರ್‌ಗಳು ಡ್ರೈವರ್ (ಆಯಾ ಸಾಧನವನ್ನು ನಡೆಸುವ ತಂತ್ರಾಂಶ) ಇಲ್ಲದೆಯೇ ಕಾಣಿಸಿಕೊಳ್ಳುತ್ತವೆ, ಕೆಲವು ಹಳೆಯ ಲೇಸರ್ ಪ್ರಿಂಟರ್‌ಗಳು ಹಟ ಮಾಡುತ್ತವೆ.

ವೈಫೈ ಸಿಗದಿದ್ದರೆ ಎದೆಗುಂದಬೇಡಿ. ಬ್ರಾಡ್‌ಕಾಮ್ ಮತ್ತು ಕೆಲವು ರಿಯಲ್‌ಟೆಕ್ ಚಿಪ್‌ಗಳಲ್ಲಿ ಇದು ಮಾಮೂಲು, ಡ್ರೈವರ್ ಹಾಕಿದರೆ ಸರಿಹೋಗುತ್ತದೆ. ಆದರೆ ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್ ಬರಲು ಡ್ರೈವರ್ ಬೇಕು! ಈ ಗಂಟನ್ನು ಬಿಡಿಸುವುದು ನಿಮ್ಮ ಫೋನು. ಅದನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ, ಫೋನ್ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿ. ಲಿನಕ್ಸ್ ಅದನ್ನು ತಂತಿಯ ಇಂಟರ್ನೆಟ್ ಎಂದು ತಿಳಿದು ಸುಮ್ಮನೆ ಬಳಸಿಕೊಳ್ಳುತ್ತದೆ.

ಹಂತ 4: ಇನ್‌ಸ್ಟಾಲ್‌ಗೆ ಮುಂಚೆ ವಿಂಡೋಸ್‌ನಲ್ಲಿ ಮುಗಿಸಬೇಕಾದ ನಾಲ್ಕು ಕೆಲಸ

ಒಂದು, ಬ್ಯಾಕಪ್. ಇನ್ನೊಂದು ಡಿಸ್ಕಿಗೆ, ಆ ಡಿಸ್ಕನ್ನು ಯಂತ್ರದಿಂದ ಬಿಚ್ಚಿಟ್ಟುಬಿಡಿ. ಡಿ ಡ್ರೈವ್‌ಗೆ ಹಾಕಿದ್ದು ಬ್ಯಾಕಪ್ ಅಲ್ಲ, ಬಹುತೇಕ ಯಂತ್ರಗಳಲ್ಲಿ ಸಿ, ಡಿ ಎರಡೂ ಒಂದೇ ಡಿಸ್ಕಿನ ಎರಡು ಕೋಣೆಗಳು, ಇಂಥ ಕೋಣೆಗೇ ಪಾರ್ಟಿಷನ್ ಎನ್ನುವುದು.

ಎರಡು, ಬಿಟ್‌ಲಾಕರ್. ವಿಂಡೋಸ್ 11ರ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ನಿಮಗೇ ತಿಳಿಯದಂತೆ ಗೂಢಲಿಪಿಯಲ್ಲಿ ಬೀಗ ಹಾಕಿಕೊಂಡಿರುತ್ತದೆ. ಬಯಾಸ್‌ನಲ್ಲಿ (ಯಂತ್ರ ಆನ್ ಆದೊಡನೆ ಎಲ್ಲಕ್ಕೂ ಮೊದಲು ಓಡುವ ಮೂಲ ತಂತ್ರಾಂಶ) ಸೆಕ್ಯೂರ್ ಬೂಟ್‌ನಂಥ (ಸಹಿಯಿಲ್ಲದ ತಂತ್ರಾಂಶ ಬೂಟ್ ಆಗದಂತೆ ತಡೆಯುವಂಥದ್ದು) ಸೆಟ್ಟಿಂಗ್ ಮುಟ್ಟಿದೊಡನೆ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದಿಲ್ಲದಿದ್ದರೆ ನಿಮ್ಮ ಫೈಲ್‌ಗಳು ನಿಮಗೇ ಇಲ್ಲ. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀ ಇರುತ್ತದೆ. ಮೊದಲು ಅದನ್ನು ಕಾಗದದ ಮೇಲೆ ಬರೆದುಕೊಳ್ಳಿ. ಆಮೇಲೆ ಸೆಟ್ಟಿಂಗ್ಸ್‌ನ ‘ಪ್ರೈವಸಿ ಅಂಡ್ ಸೆಕ್ಯುರಿಟಿ’ ಒಳಗೆ ‘ಡಿವೈಸ್ ಎನ್‌ಕ್ರಿಪ್ಷನ್’ ಆಫ್ ಮಾಡಿ. ಬೀಗ ಬಿಚ್ಚುವ ಕೆಲಸ ಗಂಟೆಗಟ್ಟಲೆ ಹಿಡಿಯಬಹುದು.

ಮೂರು, ಫಾಸ್ಟ್ ಸ್ಟಾರ್ಟಪ್. ನಾನು ಅತಿ ಹೆಚ್ಚು ಒದ್ದಾಡಿದ್ದು ಇದರಲ್ಲಿ. ಲಿನಕ್ಸ್‌ನಲ್ಲಿ ನನ್ನ ಡಿ ಡ್ರೈವ್ ತೆರೆಯುತ್ತಿತ್ತು, ಫೋಟೋ ಕಾಣುತ್ತಿತ್ತು, ಆದರೆ ಒಂದು ಫೈಲನ್ನೂ ಉಳಿಸಲು ಬಿಡುತ್ತಿರಲಿಲ್ಲ. ‘ರೀಡ್ ಓನ್ಲಿ’ ಎನ್ನುತ್ತಿತ್ತು. ಲಿನಕ್ಸ್ ಕೆಟ್ಟಿದೆ ಎಂದುಕೊಂಡು ಎರಡು ಸಲ ಮತ್ತೆ ಇನ್‌ಸ್ಟಾಲ್ ಮಾಡಿದೆ. ಎರಡು ಭಾನುವಾರ ಹೋದವು. ಆಮೇಲೆ ತಿಳಿದದ್ದು: ಫಾಸ್ಟ್ ಸ್ಟಾರ್ಟಪ್ ಆನ್ ಇದ್ದಾಗ ‘ಶಟ್‌ಡೌನ್’ ಒತ್ತಿದರೆ ವಿಂಡೋಸ್ ಪೂರ್ತಿ ಮಲಗುವುದಿಲ್ಲ. ಕರ್ನಲ್‌ನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಅರ್ಧ ನಿದ್ದೆಗೆ ಹೋಗುತ್ತದೆ. ಆ ಡಿಸ್ಕಿನ ಮೇಲೆ ಇನ್ನೊಬ್ಬರು ಬರೆದರೆ ಫೈಲ್‌ಗಳು ಕೆಡುತ್ತವೆಂದು ಲಿನಕ್ಸ್ ಮುಟ್ಟದೆ ದೂರ ನಿಂತಿತ್ತು. ಅದು ನನ್ನ ಫೋಟೋಗಳನ್ನು ಕಾಯುತ್ತಿದ್ದರೆ ನಾನು ಅದನ್ನೇ ಬೈಯುತ್ತಿದ್ದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ‘ಚೂಸ್ ವಾಟ್ ದ ಪವರ್ ಬಟನ್ಸ್ ಡು’ ತೆರೆದು, ಫಾಸ್ಟ್ ಸ್ಟಾರ್ಟಪ್ ಮುಂದಿನ ಟಿಕ್ ತೆಗೆಯಿರಿ.

ನಾಲ್ಕು, ಜಾಗ. ಎರಡೂ ವ್ಯವಸ್ಥೆ ಇರಬೇಕೆಂದರೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವ್ ಮೇಲೆ ಬಲ ಕ್ಲಿಕ್ ಮಾಡಿ ‘ಶ್ರಿಂಕ್ ವಾಲ್ಯೂಮ್’ ಕೊಟ್ಟು ಜಾಗ ಬಿಡಿಸಿಕೊಳ್ಳಿ. ಬಿಟ್ಟ ಜಾಗವನ್ನು ಹಾಗೇ ಖಾಲಿ ಬಿಡಿ, ಹೊಸ ಡ್ರೈವ್ ಮಾಡಲು ಹೋಗಬೇಡಿ.

ಹಂತ 5: ಇನ್‌ಸ್ಟಾಲ್

ಇಡೀ ಪ್ರಯಾಣದಲ್ಲಿ ಜನ ಅತಿ ಹೆಚ್ಚು ಹೆದರುವುದು ಇದಕ್ಕೆ, ಮತ್ತು ಅತಿ ಬೇಗ ಮುಗಿಯುವುದೂ ಇದೇ. ಲೈವ್ ಮಿಂಟ್‌ನ ಪರದೆಯಲ್ಲಿರುವ ಇನ್‌ಸ್ಟಾಲ್ ಚಿಹ್ನೆ ಒತ್ತಿ, ಭಾಷೆ, ಕೀಬೋರ್ಡ್ ಆರಿಸಿ, ಹಾಡು, ವಿಡಿಯೋ ಓಡಿಸಲು ಬೇಕಾದ ಮಲ್ಟಿಮೀಡಿಯಾ ಕೋಡೆಕ್‌ಗಳಿಗೆ ಟಿಕ್ ಹಾಕಿ.

ಕಣ್ಣು ತೆರೆದು ಓದಬೇಕಾದ ಪುಟ ಒಂದೇ. ‘ಇನ್‌ಸ್ಟಾಲ್ ಅಲಾಂಗ್‌ಸೈಡ್’ ಎಂದರೆ ವಿಂಡೋಸ್ ಪಕ್ಕದಲ್ಲಿ. ‘ಇರೇಸ್ ಡಿಸ್ಕ್’ ಎಂದರೆ ವಿಂಡೋಸ್, ಡಿ ಡ್ರೈವ್, ರಿಕವರಿ ಪಾರ್ಟಿಷನ್ ಸಮೇತ ಆ ಡಿಸ್ಕಿನಲ್ಲಿರುವ ಎಲ್ಲವೂ ಅಳಿಸಿಹೋಗುತ್ತದೆ. ವಿಂಡೋಸ್ ಮಾತ್ರ ಹೋಗುತ್ತದೆ, ಡಿ ಉಳಿಯುತ್ತದೆ ಎಂದು ತಿಳಿದು ಇದನ್ನು ಒತ್ತಿ ಅತ್ತವರಿದ್ದಾರೆ. ‘ಸಮ್‌ಥಿಂಗ್ ಎಲ್ಸ್’ ಪಾರ್ಟಿಷನ್ ಬಗ್ಗೆ ತಿಳಿದವರಿಗೆ.

‘ಅಲಾಂಗ್‌ಸೈಡ್’ ಆಯ್ಕೆಯೇ ಕಾಣದಿದ್ದರೆ, ಅಥವಾ ಡಿಸ್ಕೇ ಇಲ್ಲ ಎಂದರೆ, ಕಾರಣ ಹೆಚ್ಚಾಗಿ ಎರಡೇ. ಬಿಟ್‌ಲಾಕರ್ ಇನ್ನೂ ಆನ್ ಇರಬಹುದು. ಇಲ್ಲವೇ ಬಯಾಸ್‌ನಲ್ಲಿ ಇಂಟೆಲ್ ಆರ್‌ಎಸ್‌ಟಿ ಎಂಬ ಡಿಸ್ಕ್ ವಿಧಾನ ಆನ್ ಇರಬಹುದು. ಅದನ್ನು ಎಎಚ್‌ಸಿಐಗೆ ಬದಲಿಸಬೇಕು, ಆದರೆ ನೇರವಾಗಿ ಬದಲಿಸಿದರೆ ವಿಂಡೋಸ್ ಏಳುವುದಿಲ್ಲ. ಮೊದಲು ವಿಂಡೋಸ್‌ನಲ್ಲಿ ‘ಎಂಎಸ್‌ಕಾನ್ಫಿಗ್’ ತೆರೆದು ಬೂಟ್ ವಿಭಾಗದಲ್ಲಿ ಸೇಫ್ ಬೂಟ್‌ಗೆ ಟಿಕ್ ಹಾಕಿ, ರಿಸ್ಟಾರ್ಟ್ ಮಾಡಿ ಬಯಾಸ್‌ಗೆ ಹೋಗಿ ಎಎಚ್‌ಸಿಐ ಆರಿಸಿ, ವಿಂಡೋಸ್ ಸೇಫ್ ಮೋಡ್‌ನಲ್ಲಿ ಒಮ್ಮೆ ಎದ್ದ ಮೇಲೆ ಟಿಕ್ ತೆಗೆಯಿರಿ. ಸೇಫ್ ಮೋಡ್‌ನಲ್ಲಿ ಪಿನ್ ನಡೆಯದೆ ಹೋಗಬಹುದು, ಖಾತೆಯ ಪಾಸ್‌ವರ್ಡ್ ನೆನಪಿರಲಿ.

ಇನ್‌ಸ್ಟಾಲ್ ಹೊತ್ತಿನಲ್ಲಿ ಸೆಕ್ಯೂರ್ ಬೂಟ್‌ಗಾಗಿ ಒಂದು ಪಾಸ್‌ವರ್ಡ್ ಕೇಳಿದರೆ ಅದನ್ನು ಬರೆದಿಟ್ಟುಕೊಳ್ಳಿ. ಮುಂದಿನ ಬೂಟ್‌ನಲ್ಲಿ ನೀಲಿ ಪರದೆಯೊಂದು ಬರುತ್ತದೆ. ನೀಲಿ ಪರದೆ ಕಂಡು ಬೆಚ್ಚಿಬೀಳುವ ಅಭ್ಯಾಸ ವಿಂಡೋಸ್ ನಮಗೆ ಕಲಿಸಿದೆ, ಇದು ಅದಲ್ಲ. ‘ಎನ್‌ರೋಲ್ ಎಂಒಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಟ್ಟರೆ ಮುಗಿಯಿತು. ಗಾಬರಿಯಲ್ಲಿ ದಾಟಿಸಿಬಿಟ್ಟರೆ ಎನ್‌ವಿಡಿಯಾ ಅಥವಾ ವೈಫೈ ಡ್ರೈವರ್ ಹಾಕಿದರೂ ಕೆಲಸ ಮಾಡದೆ ಕೂರುತ್ತದೆ.

ಹಂತ 6: ಮೊದಲ ದಿನ

ವಾಲ್‌ಪೇಪರ್ ಬದಲಿಸುವ ಮುಂಚೆ ಮೂರು ಕೆಲಸ, ಇದೇ ಕ್ರಮದಲ್ಲಿ.

ಮೊದಲನೆಯದು ಟೈಮ್‌ಶಿಫ್ಟ್. ಇದು ವ್ಯವಸ್ಥೆಯ ಫೋಟೋ ತೆಗೆದಿಡುತ್ತದೆ, ಏನಾದರೂ ಕೆಟ್ಟರೆ ಆ ಗಳಿಗೆಗೆ ಮರಳಬಹುದು. ದಿನಕ್ಕೊಂದು, ವಾರಕ್ಕೊಂದು ಎಂದು ಹೊಂದಿಸಿ. ಆದರೆ ಟೈಮ್‌ಶಿಫ್ಟ್ ಸಾಮಾನ್ಯವಾಗಿ ನಿಮ್ಮ ಹೋಮ್ ಫೋಲ್ಡರ್ ಅನ್ನು, ಅಂದರೆ ಪತ್ರ, ಫೋಟೋಗಳನ್ನು ಸೇರಿಸುವುದಿಲ್ಲ. ಅವುಗಳಿಗೆ ಬೇರೆ ಬ್ಯಾಕಪ್ ಬೇಕು.

ಎರಡನೆಯದು ಅಪ್‌ಡೇಟ್ ಮ್ಯಾನೇಜರ್. ಇಲ್ಲಿ ವ್ಯವಸ್ಥೆ, ಬ್ರೌಸರ್, ಆಫೀಸ್ ಎಲ್ಲದರ ಪರಿಷ್ಕರಣೆಯೂ ಒಂದೇ ಕಡೆ ಬರುತ್ತದೆ. ನಡುವೆ ‘ಲಾಕ್ ಸಿಗಲಿಲ್ಲ’ ಎಂಬ ದೋಷ ಕಂಡರೆ ಹಿನ್ನೆಲೆಯಲ್ಲಿ ಇನ್ನೊಂದು ಅಪ್‌ಡೇಟ್ ನಡೆಯುತ್ತಿದೆ ಎಂದರ್ಥ. ಹತ್ತು ನಿಮಿಷ ಕಾಯಿರಿ. ಯಾರೋ ಎಲ್ಲೋ ಬರೆದರೆಂದು ಲಾಕ್ ಫೈಲನ್ನು ಅಳಿಸಲು ಹೋಗಬೇಡಿ.

ಮೂರನೆಯದು ಡ್ರೈವರ್ ಮ್ಯಾನೇಜರ್. ಎನ್‌ವಿಡಿಯಾ ಇದ್ದವರು ಅಲ್ಲಿ ‘ರೆಕಮೆಂಡೆಡ್’ ಎಂದಿರುವುದನ್ನೇ ಹಾಕಿ. ಎನ್‌ವಿಡಿಯಾ ತಾಣಕ್ಕೆ ಹೋಗಿ ಡ್ರೈವರ್ ಇಳಿಸುವುದು ವಿಂಡೋಸ್‌ನ ಹಳೆಯ ಚಟ, ಇಲ್ಲಿ ಅದೇ ಮುಳುವಾಗುತ್ತದೆ. ಇಂಟೆಲ್, ಎಎಂಡಿ ಗ್ರಾಫಿಕ್ಸ್ ಇದ್ದವರಿಗೆ ಡ್ರೈವರ್ ಕರ್ನಲ್ ಜೊತೆಗೇ ಬಂದಿರುತ್ತದೆ, ಏನೂ ಮಾಡಬೇಕಿಲ್ಲ.

ಸಿ ಡ್ರೈವ್ ಎಲ್ಲಿ ಹೋಯಿತು?

ಲಿನಕ್ಸ್‌ನಲ್ಲಿ ಸಿ, ಡಿ, ಇ ಇಲ್ಲ. ಎಲ್ಲವೂ ಒಂದೇ ಮರ, ಅದರ ಬೇರು ಒಂದು ಓರೆಗೆರೆ. ನಿಮ್ಮ ಫೈಲ್‌ಗಳು ‘ಹೋಮ್’ ಕೆಳಗೆ ನಿಮ್ಮ ಹೆಸರಿನ ಫೋಲ್ಡರ್‌ನಲ್ಲಿ. ಪೆನ್‌ಡ್ರೈವ್ ಚುಚ್ಚಿದರೆ ಅದು ‘ಮೀಡಿಯಾ’ ಎಂಬ ಕೊಂಬೆಗೆ ಬಂದು ಸೇರುತ್ತದೆ. ಉಳಿದ ಫೋಲ್ಡರ್‌ಗಳ ಹೆಸರು ನೋಡಿ ತಲೆ ಕೆಡಿಸಿಕೊಳ್ಳಬೇಡಿ, ವಿಂಡೋಸ್‌ನಲ್ಲಿ ‘ಸಿಸ್ಟಮ್32’ ಒಳಗೆ ನೀವೆಷ್ಟು ಸಲ ಹೋಗಿದ್ದಿರಿ?

ಇಲ್ಲಿ ಎಡವುವುದು ಸಣ್ಣ ಸಂಗತಿಗಳಲ್ಲಿ. ಇಂಗ್ಲಿಷ್‌ನ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ. ‘ಫೋಟೋ’ ಎಂಬುದನ್ನು ಎರಡು ಬಗೆಯಲ್ಲಿ ಬರೆದರೆ ಎರಡು ಫೋಲ್ಡರ್ ಆಗುತ್ತವೆ. ಚುಕ್ಕಿಯಿಂದ ಶುರುವಾಗುವ ಹೆಸರಿನ ಫೈಲ್‌ಗಳು ಅಡಗಿರುತ್ತವೆ, ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಕಾಣುತ್ತವೆ. ಅವು ನಿಮ್ಮ ತಂತ್ರಾಂಶಗಳ ಸೆಟ್ಟಿಂಗ್ಸ್, ಕಸವೆಂದು ಗುಡಿಸಬೇಡಿ. ಫೈಲ್ ಹೆಸರಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನೂ ಲಿನಕ್ಸ್ ಒಪ್ಪುತ್ತದೆ, ವಿಂಡೋಸ್ ಒಪ್ಪುವುದಿಲ್ಲ. ಎರಡೂ ಕಡೆ ಬಳಸುವ ಫೈಲ್‌ಗೆ ಸರಳ ಹೆಸರಿಡಿ.

ಪೆನ್‌ಡ್ರೈವ್ ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಹೇಳಬೇಕು. ದೊಡ್ಡ ವಿಡಿಯೋ ಕಾಪಿ ಮಾಡಿದಾಗ ಪಟ್ಟಿ ಸರ್ರನೆ ಕೊನೆ ಮುಟ್ಟುತ್ತದೆ, ನೀವು ಕಿತ್ತುಬಿಡುತ್ತೀರಿ, ಬೇರೆ ಕಡೆ ತೆರೆದರೆ ವಿಡಿಯೋ ಅರ್ಧ. ಲಿನಕ್ಸ್ ಮೊದಲು ರ‍್ಯಾಮ್‌ನಲ್ಲಿ ತುಂಬಿಕೊಂಡು ಆಮೇಲೆ ನಿಧಾನಕ್ಕೆ ಪೆನ್‌ಡ್ರೈವ್‌ಗೆ ಬರೆಯುತ್ತದೆ. ಹೆಸರಿನ ಪಕ್ಕದ ಇಜೆಕ್ಟ್ ಚಿಹ್ನೆ ಒತ್ತಿ, ತೆಗೆಯಬಹುದು ಎಂಬ ಸಂದೇಶ ಬಂದ ಮೇಲೆಯೇ ಕೀಳಿ.

ತಂತ್ರಾಂಶ ಹಾಕುವುದು: ಗೂಗಲ್ ಮಾಡುವ ಚಟ ಬಿಡಿ

ವಿಂಡೋಸ್‌ನಲ್ಲಿ ನಮ್ಮ ಅಭ್ಯಾಸ ಹೀಗೆ: ಹೆಸರು ಹುಡುಕು, ತಾಣಕ್ಕೆ ಹೋಗು, ಇಎಕ್ಸ್‌ಇ ಫೈಲ್ ಇಳಿಸು, ನೆಕ್ಸ್ಟ್ ನೆಕ್ಸ್ಟ್ ಒತ್ತು. ಇಲ್ಲಿ ಇಎಕ್ಸ್‌ಇ ನೇರವಾಗಿ ನಡೆಯುವುದಿಲ್ಲ. ಫೋನಿನಲ್ಲಿ ಆ್ಯಪ್ ಸ್ಟೋರ್ ಇದ್ದ ಹಾಗೆ ಸಾಫ್ಟ್‌ವೇರ್ ಮ್ಯಾನೇಜರ್ ಇದೆ, ಮೊದಲು ಅಲ್ಲಿ ಹುಡುಕಿ. ಒಂದೇ ತಂತ್ರಾಂಶ ಎರಡು ರೂಪದಲ್ಲಿ ಕಾಣಬಹುದು, ‘ಸಿಸ್ಟಮ್ ಪ್ಯಾಕೇಜ್’ ಮತ್ತು ‘ಫ್ಲಾಟ್‌ಪ್ಯಾಕ್’. ಮೊದಲನೆಯದು ಗಾತ್ರದಲ್ಲಿ ಚಿಕ್ಕದು, ಆವೃತ್ತಿ ಸ್ವಲ್ಪ ಹಳೆಯದಿರಬಹುದು. ಎರಡನೆಯದು ಹೊಸದು, ಗಾತ್ರ ದೊಡ್ಡದು, ನಿಮ್ಮ ಕೆಲವು ಫೋಲ್ಡರ್‌ಗಳು ಅದಕ್ಕೆ ಕಾಣದೆ ಇರಬಹುದು. ‘ನನ್ನ ಪೆನ್‌ಡ್ರೈವ್ ಈ ತಂತ್ರಾಂಶದಲ್ಲಿ ಮಾತ್ರ ಕಾಣುತ್ತಿಲ್ಲ’ ಎನ್ನುವವರು ಫ್ಲಾಟ್‌ಸೀಲ್ ಹಾಕಿಕೊಂಡು ಅದಕ್ಕೆ ಅನುಮತಿ ಕೊಡಬೇಕು.

ಕ್ರೋಮ್, ಜೂಮ್‌ನಂಥವನ್ನು ಅವರ ತಾಣದಿಂದಲೇ ತರಬೇಕೆಂದರೆ ‘ಡೆಬ್’ ಎಂದು ಮುಗಿಯುವ ಫೈಲ್ ಆರಿಸಿ. ಎರಡು ಸಲ ಕ್ಲಿಕ್ ಮಾಡಿದರೆ ಆಯಿತು. ಸಿಕ್ಕಸಿಕ್ಕಲ್ಲಿಂದ ಡೆಬ್ ತರುವುದು ಸಿಕ್ಕಸಿಕ್ಕಲ್ಲಿಂದ ಇಎಕ್ಸ್‌ಇ ತಂದಷ್ಟೇ ಅಪಾಯ.

ಟರ್ಮಿನಲ್ ಎಂಬ ಕಪ್ಪು ಕಿಟಕಿ

ಮಿಂಟ್‌ನಲ್ಲಿ ಟರ್ಮಿನಲ್ ಇಲ್ಲದೆ ದಿನ ದೂಡಬಹುದು. ಆದರೂ ಯಾರನ್ನು ಕೇಳಿದರೂ ಉತ್ತರ ಟರ್ಮಿನಲ್ ಆದೇಶವಾಗಿಯೇ ಬರುತ್ತದೆ. ಕಾರಣ ಸರಳ: ‘ಆ ಮೆನು, ಈ ಟ್ಯಾಬ್, ಕೆಳಗಿನ ಬಟನ್’ ಎಂದು ವಿವರಿಸುವುದಕ್ಕಿಂತ ಒಂದು ಸಾಲು ಕೊಡುವುದು ಸುಲಭ, ಎಲ್ಲರ ಯಂತ್ರದಲ್ಲೂ ಅದು ಒಂದೇ.

ಉದಾಹರಣೆಗೆ ‘ಸುಡೋ ಆಪ್ಟ್ ಅಪ್‌ಡೇಟ್’ (sudo apt update). ಇಂಗ್ಲಿಷ್‌ನ ಸಣ್ಣಕ್ಷರಗಳಲ್ಲಿ, ಪದಗಳ ನಡುವೆ ಜಾಗ ಬಿಟ್ಟು ಬರೆಯಬೇಕು. ಸುಡೋ ಎಂದರೆ ಯಜಮಾನನ ಅಧಿಕಾರದಲ್ಲಿ ಮಾಡು, ಆಪ್ಟ್ ಎಂದರೆ ತಂತ್ರಾಂಶ ನೋಡಿಕೊಳ್ಳುವ ಕೆಲಸಗಾರ, ಅಪ್‌ಡೇಟ್ ಎಂದರೆ ಏನೇನು ಹೊಸದು ಬಂದಿದೆ ಎಂಬ ಪಟ್ಟಿ ತರುವ ಕೆಲಸ. ಪಟ್ಟಿಯನ್ನಷ್ಟೇ ತರುತ್ತದೆ, ಹೊಸದನ್ನು ಹಾಕಲು ಕೊನೆಯ ಪದ ‘ಅಪ್‌ಗ್ರೇಡ್’ ಆಗಬೇಕು.

ಎಂಟರ್ ಒತ್ತಿದರೆ ಪಾಸ್‌ವರ್ಡ್ ಕೇಳುತ್ತದೆ. ಟೈಪ್ ಮಾಡುವಾಗ ಏನೂ ಕಾಣದಿರಬಹುದು, ಚುಕ್ಕಿ ಕೂಡ ಇಲ್ಲ. ಕೀಬೋರ್ಡ್ ಕೆಟ್ಟಿಲ್ಲ, ಎಷ್ಟು ಅಕ್ಷರವೆಂದು ಪಕ್ಕದವರಿಗೆ ತಿಳಿಯಬಾರದೆಂದು ಹಾಗೆ. ಸುಮ್ಮನೆ ಬರೆದು ಎಂಟರ್ ಒತ್ತಿ. ಇನ್ನು ಕಾಪಿ ಮಾಡಲು ಕಂಟ್ರೋಲ್ ಸಿ ಒತ್ತಿದರೆ ನಡೆಯುತ್ತಿರುವ ಕೆಲಸವೇ ನಿಂತುಹೋಗುತ್ತದೆ. ಇಲ್ಲಿ ಶಿಫ್ಟ್ ಕೂಡ ಸೇರಿಸಬೇಕು, ಅಂಟಿಸುವುದಕ್ಕೂ ಹಾಗೇ. ಹೆಸರಿನ ಮೊದಲೆರಡು ಅಕ್ಷರ ಬರೆದು ಟ್ಯಾಬ್ ಒತ್ತಿದರೆ ಉಳಿದದ್ದನ್ನು ಅದೇ ತುಂಬುತ್ತದೆ.

ಅರ್ಥವಾಗದ ಆದೇಶವನ್ನು ಸುಡೋ ಜೊತೆ ಓಡಿಸಬೇಡಿ. ಮುಖ್ಯವಾಗಿ ‘ಆರ್‌ಎಂ’ (rm) ಎಂದು ಶುರುವಾಗುವುದನ್ನು. ಅದು ಅಳಿಸುವ ಆದೇಶ, ಅಳಿಸಿದ್ದು ಕಸದಬುಟ್ಟಿಗೆ ಹೋಗುವುದಿಲ್ಲ. ಏನೋ ಒತ್ತಿ ಇಡೀ ಪರದೆ ಕಪ್ಪಾಗಿ ಬರೀ ಲಾಗಿನ್ ಎಂದು ಕೇಳಿದರೆ, ಕಂಟ್ರೋಲ್, ಆಲ್ಟ್ ಜೊತೆ ಎಫ್3ರಂಥ ಕೀ ಬಿದ್ದಿರುತ್ತದೆ. ಮಿಂಟ್‌ನಲ್ಲಿ ಅದೇ ಎರಡರ ಜೊತೆ ಎಫ್7 ಒತ್ತಿದರೆ ವಾಪಸ್, ಬೇರೆ ಕೆಲವದರಲ್ಲಿ ಎಫ್1 ಅಥವಾ ಎಫ್2.

ಕನ್ನಡ ಟೈಪಿಂಗ್ ಮತ್ತು ಹಳೆಯ ಕಡತಗಳು

ನುಡಿಯಲ್ಲಿ ಟೈಪ್ ಮಾಡಿ ಕೈ ಪಳಗಿದವರಿಗೆ ಸಿಹಿ ಸುದ್ದಿ. ಕೀಬೋರ್ಡ್ ಸೆಟ್ಟಿಂಗ್ಸ್‌ನ ಲೇಔಟ್ ವಿಭಾಗದಲ್ಲಿ ‘ಕನ್ನಡ, ಕಗಪ’ ಸಿಗುತ್ತದೆ, ಹೆಚ್ಚುಕಡಿಮೆ ಅದೇ ವಿನ್ಯಾಸ. ಏನನ್ನೂ ಇಳಿಸಬೇಕಿಲ್ಲ. ಇನ್‌ಸ್ಕ್ರಿಪ್ಟ್ ಕೂಡ ಅಲ್ಲೇ ಇದೆ. ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರದಂತೆ ಬರೆದು ಕನ್ನಡ ಪಡೆಯುವವರು ಐಬಸ್ ಎಂಬ ಟೈಪಿಂಗ್ ತಂತ್ರಾಂಶ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿಕೊಂಡರೆ ಐಟ್ರಾನ್ಸ್ ಎಂಬ ಅಂಥ ವಿಧಾನ ಸಿಗುತ್ತದೆ. ಬದಲಾವಣೆ ಕಾಣಲು ಒಮ್ಮೆ ಲಾಗ್‌ಔಟ್ ಆಗಿ ಬರಬೇಕು, ಇದನ್ನು ಮರೆತು ‘ಕೆಲಸ ಮಾಡುತ್ತಿಲ್ಲ’ ಎನ್ನುವವರೇ ಹೆಚ್ಚು.

ಕಹಿ ಸುದ್ದಿ ಹಳೆಯ ಕಡತಗಳದ್ದು. ಯೂನಿಕೋಡ್ ಅಲ್ಲದ ನುಡಿ, ಬರಹ ಫಾಂಟ್‌ಗಳಲ್ಲಿ ಬರೆದದ್ದು ಲಿನಕ್ಸ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ವಿಂಡೋಸ್ ಇರುವಾಗಲೇ ಅವನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಟ್ಟುಕೊಳ್ಳಿ.

ಯೂನಿಕೋಡ್ ಆದರೂ ವಿಂಡೋಸ್‌ನ ತುಂಗಾ, ನಿರ್ಮಲಾ ಫಾಂಟ್‌ಗಳು ಇಲ್ಲಿಲ್ಲ. ನೋಟೋ, ಲೋಹಿತ್, ಗುಬ್ಬಿ, ನವಿಲು ಇವೆ. ಅಕ್ಷರದ ಅಗಲ ಬದಲಾಗಿ ಸಾಲು, ಪುಟ ಜರುಗುತ್ತವೆ. ಇಂಗ್ಲಿಷ್‌ಗೂ ಇದೇ ಗೋಳು. ಕ್ಯಾಲಿಬ್ರಿ ಬದಲಿಗೆ ಕಾರ್ಲಿಟೋ, ಕೇಂಬ್ರಿಯಾ ಬದಲಿಗೆ ಕ್ಯಾಲೇಡಿಯಾ, ಟೈಮ್ಸ್ ನ್ಯೂ ರೋಮನ್ ಬದಲಿಗೆ ಲಿಬರೇಷನ್ ಸೆರಿಫ್ ಅಷ್ಟೇ ಅಗಲದ ಅಕ್ಷರಗಳು, ಅವಿದ್ದರೆ ಪುಟ ಹೆಚ್ಚು ಅಲುಗುವುದಿಲ್ಲ. ಬೇರೆಯವರು ತಿದ್ದಬೇಕಿಲ್ಲದ ಕಡತವನ್ನು ಪಿಡಿಎಫ್ ಆಗಿಯೇ ಕಳಿಸಿ.

ಎರಡೂ ವ್ಯವಸ್ಥೆ ಇಟ್ಟುಕೊಂಡವರ ಎರಡು ತಲೆನೋವು

ಲಿನಕ್ಸ್‌ನಿಂದ ವಿಂಡೋಸ್‌ಗೆ ಹೋದಾಗ ಗಡಿಯಾರ ತಪ್ಪು ತೋರಿಸುತ್ತದೆ. ಯಂತ್ರದೊಳಗಿನ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯ ಇಡುತ್ತದೆ, ವಿಂಡೋಸ್ ಸ್ಥಳೀಯ ಸಮಯ ಇದೆ ಎಂದು ಓದುತ್ತದೆ. ಎರಡರ ನಡುವಿನ ಅಂತರದಷ್ಟೇ ತಪ್ಪು. ಲಿನಕ್ಸ್ ಟರ್ಮಿನಲ್‌ನಲ್ಲಿ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ (timedatectl set-local-rtc 1) ಎಂದು ಬರೆದರೆ ಲಿನಕ್ಸ್ ಕೂಡ ಸ್ಥಳೀಯ ಸಮಯಕ್ಕೆ ಒಪ್ಪಿಕೊಳ್ಳುತ್ತದೆ.

ಇನ್ನೊಂದು, ವಿಂಡೋಸ್ ಅಪ್‌ಡೇಟ್ ಆದ ಮೇಲೆ ಲಿನಕ್ಸ್‌ನ ಮೆನುವೇ ಬರದೆ ನೇರ ವಿಂಡೋಸ್ ಏಳುವುದು. ಲಿನಕ್ಸ್ ಅಳಿದಿಲ್ಲ. ಬಯಾಸ್‌ಗೆ ಹೋಗಿ ಬೂಟ್ ಕ್ರಮದಲ್ಲಿ ಉಬುಂಟು ಎಂಬ ಹೆಸರನ್ನು ಮೇಲಕ್ಕೆ ತನ್ನಿ, ಮಿಂಟ್ ಕೂಡ ಅದೇ ಹೆಸರಲ್ಲಿ ಕಾಣುತ್ತದೆ. 2024ರ ಆಗಸ್ಟ್‌ನ ಒಂದು ವಿಂಡೋಸ್ ಅಪ್‌ಡೇಟ್ ಆದ ಮೇಲೆ ಕೆಲವು ಯಂತ್ರಗಳಲ್ಲಿ ಸೆಕ್ಯೂರ್ ಬೂಟ್ ಹಳೆಯ ಲಿನಕ್ಸ್ ಬೂಟ್‌ಲೋಡರ್‌ಗಳನ್ನು, ಅಂದರೆ ಲಿನಕ್ಸನ್ನು ಎಬ್ಬಿಸುವ ಪುಟ್ಟ ತಂತ್ರಾಂಶಗಳನ್ನು, ತಡೆದಿತ್ತು. ಇನ್‌ಸ್ಟಾಲ್ ಮಾಡಿದ ಪೆನ್‌ಡ್ರೈವ್ ಅನ್ನು ಅಳಿಸದೆ ಡ್ರಾಯರ್‌ನಲ್ಲಿ ಇಟ್ಟುಕೊಳ್ಳಿ ಎನ್ನುವುದು ಇಂಥ ದಿನಗಳಿಗೇ.

ಸಿಕ್ಕಿಹಾಕಿಕೊಂಡಾಗ ಕೇಳುವ ಬಗೆ

‘ವೈಫೈ ಬರುತ್ತಿಲ್ಲ, ಸಹಾಯ ಮಾಡಿ’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಮಿಂಟ್‌ನ ಸಿಸ್ಟಮ್ ರಿಪೋರ್ಟ್ಸ್‌ನಲ್ಲಿ, ಹೊಸ ಆವೃತ್ತಿಯಾದರೆ ನೇರ ಮೆನುವಿನಲ್ಲೇ, ‘ಸಿಸ್ಟಮ್ ಇನ್ಫರ್ಮೇಷನ್’ ತೆರೆದರೆ ನಿಮ್ಮ ಯಂತ್ರದ ಜಾತಕವೇ ಇದೆ, ಅದನ್ನು ಕಾಪಿ ಮಾಡಿ ಪ್ರಶ್ನೆಯ ಜೊತೆ ಕೊಡಿ. ದೋಷದ ಸಂದೇಶವನ್ನು ಫೋಟೋ ತೆಗೆಯದೆ ಅಕ್ಷರವಾಗಿ ಅಂಟಿಸಿ. ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು, ಮೂರು ಸಾಲು ಸಾಕು. ಉತ್ತರ ಹುಡುಕುವಾಗ ವರ್ಷ ನೋಡಿ. 2012ರಲ್ಲಿ ಬರೆದ ಪರಿಹಾರ ಇಂದಿನ ಮಿಂಟ್ ಮೇಲೆ ಪ್ರಯೋಗಿಸಿ ಇದ್ದದ್ದನ್ನೂ ಕೆಡಿಸಿಕೊಂಡವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದೇವೆ.

ವಿಂಡೋಸ್ ಅಳಿಸುವ ದಿನ

ಅವಸರ ಬೇಡ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ, ವಿಂಡೋಸ್‌ಗೆ ಹೋದ ಪ್ರತಿ ಸಲ ಯಾಕೆ ಹೋದೆ ಎಂದು ಒಂದು ಸಾಲು ಬರೆಯಿರಿ. ಮೂರು ತಿಂಗಳಲ್ಲಿ ಸಾಲುಗಳು ಕಡಿಮೆಯಾಗದಿದ್ದರೆ ನಿಮಗೆ ಎರಡೂ ಬೇಕು, ಅದರಲ್ಲಿ ನಾಚಿಕೆಯೇನಿಲ್ಲ. ಸಾಲುಗಳೇ ಇಲ್ಲದಿದ್ದರೆ ಆ ಜಾಗ ನಿಮ್ಮದು. ಅಲ್ಲಿರುವ ಫೈಲ್‌ಗಳನ್ನು ತೆಗೆದುಕೊಂಡ ಮೇಲೆ ಮಿಂಟ್‌ನ ಡಿಸ್ಕ್ಸ್ ತಂತ್ರಾಂಶ ತೆರೆದು ವಿಂಡೋಸ್‌ನ ಎನ್‌ಟಿಎಫ್‌ಎಸ್ ಪಾರ್ಟಿಷನ್ ಆರಿಸಿ ಫಾರ್ಮ್ಯಾಟ್ ಮಾಡಿ, ಫೋಟೋ, ವಿಡಿಯೋ ಇಡಲು ಬಳಸಿ. ಪಟ್ಟಿಯ ಶುರುವಿನಲ್ಲಿ 100 ಎಂಬಿಯಿಂದ ಕೆಲವು ನೂರು ಎಂಬಿವರೆಗಿನ ‘ಇಎಫ್‌ಐ’ ಎಂಬ ಪುಟ್ಟ ಪಾರ್ಟಿಷನ್ ಕಾಣುತ್ತದೆ. ವಿಂಡೋಸ್ ಮಾಡಿಟ್ಟದ್ದು ಎಂದು ಅದನ್ನೂ ಅಳಿಸಬೇಡಿ, ನಿಮ್ಮ ಲಿನಕ್ಸ್ ಈಗ ಅಲ್ಲಿಂದಲೇ ಏಳುತ್ತಿದೆ.